ಒಂದಿಂಚು

ಬಾಳೆಲೆಯಿಂದಾಚೆ, ಹೊಳೆ ಮೊಣಕೈ ಮಡಚುವಲ್ಲಿ
ಬೈಲಿನೊಳಗೆ ನಮ್ಮ ಗುಂಡಿ.
ಹೆಸರಿಲ್ಲ ಅದಕ್ಕೆ. ಗುಂಡಿ, ಅಷ್ಟೆ.
ಹನ್ನೊಂದು ತೋಟದ ಹನ್ನೊಂದು ಫುಟ್‌ವಾಲ್ವು
ಕರುಗಳ ಹಾಗೆ ಮೂತಿಯಿಟ್ಟು ಕುಡಿಯುತ್ತಿದ್ದವು
ಫೆಬ್ರವರಿ ಕೊನೆಗೆ, ಪ್ರತಿ ವರ್ಷ.

ಈ ಸಲ ಕೋಲಿಳಿಸಿದ ಬಿದ್ದಯ್ಯ
ಮೇಲೆತ್ತಿ, ಕೋಲನ್ನೇ ತಿರುಗಿಸಿ ತಿರುಗಿಸಿ ನೋಡಿದ.
ಒದ್ದೆಯ ಗೆರೆ ಅವನ ಸೊಂಟಕ್ಕೂ ಬಂದಿರಲಿಲ್ಲ.
‘ಮೂರು ತೋಟಕ್ಕೆ’ ಅಂದ. ‘ಮೂರೇ.’

ಕಾಫಿ ಗಿಡದ ಹಟ ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಈ ಬಿಸಿಲಲ್ಲಿ ರೊಬಸ್ಟಾ ಮೊಗ್ಗು
ಅಕ್ಕಿನುಚ್ಚಿನಷ್ಟಾಗಿ ಹಲ್ಲು ಕಚ್ಚಿ ಕೂತಿರುತ್ತದೆ.
ಒಂದಿಂಚು ನೀರು ಬೀಳಬೇಕು, ಒಮ್ಮೆಗೇ.
ಒಂಬತ್ತನೆಯ ಬೆಳಗಿಗೆ
ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ.
ಅರ್ಧ ಇಂಚು ಬಿತ್ತೋ, ಹಸುರು ನಕ್ಷತ್ರ:
ಬಿರಿದಂತೆ ಮಾಡಿ ಬಿರಿಯದೆ
ಕಾಯಿಗಟ್ಟದೆ ಕಪ್ಪಾಗುವ ಸುಳ್ಳು ಹೂ.
ಏನೂ ಕೊಡದಿದ್ದರೆ ಮಳೆಗೆ ಕಾಯುತ್ತದೆ,
ಕೊಂಚ ಕೊಟ್ಟರೆ ಕೆಡುತ್ತದೆ.

ಭತ್ತದ ಕಾಲಕ್ಕೆ ನ್ಯಾಯ ಸುಲಭವಿತ್ತು.
ಮೇಲಿನ ಗದ್ದೆ ಕುಡಿದ ಎಂಜಲು ಕೆಳಗಿನ ಗದ್ದೆಗೆ,
ಎಂಜಲೆಂದು ಯಾವ ಪೈರೂ ಮುಖ ತಿರುಗಿಸಲಿಲ್ಲ.
ಏರಿಯ ಗಂಡಿಗೆ ಒಂದು ಹೆಂಟೆ ಮಣ್ಣು,
ಅದೇ ಕೋರ್ಟು, ಅದೇ ಕಚೇರಿ.
ಆ ಗದ್ದೆಯನ್ನೇ ಜೆಸಿಬಿಯಲ್ಲಿ ಅಗೆಸಿ ಗುಂಡಿ ಮಾಡಿದವರು ನಾವು.
ಅಜ್ಜ ಕಟ್ಟಿದ ಏರಿ
ಈಗ ನೀರಿನಡಿ ಇರಬೇಕು, ಅಥವಾ ಇಲ್ಲ.

ಸೇರಿನೊಳಗೆ ಹನ್ನೊಂದು ಕಾಫಿ ಬೀಜ,
ಮೂರಕ್ಕೆ ಸುಣ್ಣ.
ಉಮ್ಮರ್ ಕಣ್ಣು ಮುಚ್ಚಿ ತೆಗೆದ: ಸುಣ್ಣ.
ಲೂಯಿಸನಿಗೆ ಸುಣ್ಣ.
ಚೋಂದಮ್ಮ ತೆಗೆದದ್ದು ಬರೀ ಬೀಜ,
ಬಾಯಿಗೆ ಹಾಕಿ ಕಟಕ್ಕೆಂದು ಕಡಿದಳು,
‘ನನ್ನದು ಮಳೆಗೆ ಬರೆದಿದೆ, ಹೋಗಲಿ,
ಪೈಪು ಬೇಕಾದರೆ ಕಳಿಸ್ತೀನಿ.’
ನನ್ನ ಬೆರಳ ತುದಿಯೂ ಬೆಳ್ಳಗಾಯಿತು.
ಒರೆಸಿಕೊಂಡೆ. ಯಾಕೋ ಒರೆಸಿಕೊಂಡೆ.

ರಾತ್ರಿ ಎರಡು. ಡೀಸೆಲ್ ಇಂಜಿನ್ನಿನ ಗುಡುಗು.
ಮೂರು ಗಂಟೆಗೊಮ್ಮೆ ಜೆಟ್ಟು ಕಿತ್ತು ಮುಂದಿನ ಸಾಲಿಗೆ.
ಲೈನ್‌ಮನೆಯ ಬೊಳ್ಳಚ್ಚಿಯ ಹೆಗಲಲ್ಲಿ ಪೈಪಿನ ಒಂದು ತುದಿ,
ಅವಳ ಮಗನ ಹೆಗಲಲ್ಲಿ ಇನ್ನೊಂದು.
ಅವಳ ಅವ್ವ ಇದೇ ಬೈಲಿನಲ್ಲಿ ನಾಟಿ ನೆಟ್ಟವಳು.
ಗಿಡದ ನಡುವೆ ಇಟ್ಟ ಡಬ್ಬಿಗೆ ಬೆರಳದ್ದಿ
ಗೆಣ್ಣು ಮುಳುಗಿತೋ ಎಂದು ನೋಡುತ್ತಿದ್ದೆ.
ತಲೆ ಮೇಲೆ ನೀರು ಚರ್ ಚರ್ ಎಂದು ಸುತ್ತುತ್ತಿತ್ತು.
ಕೇಳಿದಳು:
‘ಹನ್ನೊಂದೇ ಬೀಜ ಯಾಕೆ ಹಾಕಿದಿರಿ, ಅಯ್ಯ?’

ಇಂಜಿನ್ ಸದ್ದಿಗೆ ಕೇಳಿಸಲಿಲ್ಲವೆಂಬ ಮುಖ ಮಾಡಿದೆ.
ಅವಳು ಪೈಪು ಇಳಿಸಿದಳು, ಹತ್ತಿರ ಬಂದಳು.
‘ಗುಂಡಿ ಬತ್ತಿದ ಮಾರನೆ ದಿನ ನಮ್ಮ ಬಾವಿ ಬತ್ತುತ್ತೆ.
ಹೋದ ವರ್ಷವೂ ಹಾಗೇ.’
ಬೈದಂತಿರಲಿಲ್ಲ, ಬೇಡಿದಂತೆಯೂ.
ಹವಾ ಹೇಳುವವರ ಹಾಗೆ ಹೇಳಿ
ಪೈಪಿನ ತುದಿಗೆ ಮರಳಿದಳು.

ನಾನು ದೊಡ್ಡ ಮನುಷ್ಯನಲ್ಲ.
ಇನ್ನೆರಡು ಸಾಲು ಪೂರ್ತಿ ನೆನೆಸಿದೆ ಮೊದಲು.
ಕೊನೆಯ ಸಾಲು ಅರ್ಧವಾದಾಗ
ಇಳಿದು ಹೋಗಿ ಇಂಜಿನ್ ನಿಲ್ಲಿಸಿದೆ,
ಫುಟ್‌ವಾಲ್ವು ಎಳೆದು ದಡಕ್ಕೆ ಹಾಕಿದೆ.
ಸದ್ದು ನಿಂತ ಮೇಲೆ ಕಪ್ಪೆಗಳು ಇದ್ದವೆಂದು ತಿಳಿಯಿತು.

ಬೆಳಿಗ್ಗೆ ಬಿದ್ದಯ್ಯ ಕೋಲಿಳಿಸಿದ:
ಮೊಣಕಾಲಷ್ಟು. ನನ್ನನ್ನು ನೋಡಿದ.
‘ನಿನ್ನ ಪಾಲು ಬಾಕಿ ಇದೆಯಲ್ಲ?’
‘ಮುಗೀತು’ ಅಂದೆ.

ಒಂಬತ್ತನೆಯ ಬೆಳಗು ಜೇನು ಬಂತು,
ತೋಟವೆಲ್ಲ ಬಿಳಿ; ಪರಿಮಳಕ್ಕೆ ತಲೆ ಭಾರ.
ಲೈನ್‌ಮನೆ ಕಡೆಯ ಒಂದು ಸಾಲು ಮಾತ್ರ
ಹಸುರು ನಕ್ಷತ್ರ, ಲೆಕ್ಕಕ್ಕೆ ಬಾರದ್ದು.
ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.
ಅದರಾಚೆ ಬೊಳ್ಳಚ್ಚಿಯ ಬಾವಿಯ ರಾಟೆ
ಎಣ್ಣೆ ಕಾಣದೆ ಕಿರುಗುಡುತ್ತಿತ್ತು,
ಒಂದು ಕೊಡ, ಇನ್ನೊಂದು ಕೊಡ.