ಹತ್ತು ಗ್ಯಾಲನ್ ಗಾಜು

ಮೊದಲು ಪೆಟ್ರೋಲು ಔಷಧದಂಗಡಿಯಲ್ಲಿತ್ತು,
ಮುದುಕ ಪ್ರಿಚರ್ಡನ ಕೆಮ್ಮಿನ ಸಿರಪ್ಪಿನ ಪಕ್ಕ,
ಚೌಕ ತಗಡಿನ ಡಬ್ಬಿಯಲ್ಲಿ.
ಕೋಟಿನ ಕಲೆ ತೆಗೆಯಲು ಒಯ್ಯುವವರೇ ಹೆಚ್ಚು;
ಕಾರಿಗೆ ಎಂದು ಕೇಳುವವರು ಊರಿಗೊಬ್ಬರು.
ಆಲಿಕೆಗೆ ಮೆದು ಚರ್ಮ ಹಾಸಿ ಸೋಸುತ್ತಿದ್ದರಂತೆ,
ಕಸವೂ ನೀರೂ ಮೇಲೇ ನಿಲ್ಲಲೆಂದು.
ಇದು ಕೇಳಿದ್ದು.

ನಾನು ಕಂಡದ್ದು ಗಾಜು.
ಇಪ್ಪತ್ತಾರನೇ ಇಸವಿಯಲ್ಲಿ ಗೋಧಿ ಒಯ್ಯುವ ರೈಲಿನಲ್ಲಿ
ಒಣಹುಲ್ಲು ತುರುಕಿದ ಪೆಟ್ಟಿಗೆಯಲ್ಲಿ ಬಂತು
ಸಸ್ಕಾಚೆವನ್ನಿನ ಬಯಲಿಗೆ, ನಮ್ಮ ಕುಲುಮೆಯ ಮುಂದಕ್ಕೆ.
ಎರಡಾಳೆತ್ತರ. ಕಬ್ಬಿಣದ ಮೈ. ತಲೆಯ ಮೇಲೆ ಗಾಜಿನ ಕೊಳಗ,
ಒಳಗೆ ಒಂದರಿಂದ ಹತ್ತು, ಬಿಳಿ ತಗಡಿನ ಅಂಕಿಗಳು.
ಆನ್‌ಸ್ಟೈನ್ ಮಾವ ಲಾಳ ಬಡಿಯುತ್ತಲೇ ಓರೆಗಣ್ಣಲ್ಲಿ ನೋಡಿ
"ನನ್ನ ಅನ್ನ ತಿನ್ನುವುದನ್ನು ನಾನೇ ನೆಟ್ಟೆ" ಅಂದ,
ನೆಟ್ಟಗೆ ನಿಂತಿದೆಯೇ ಎಂದು ಮತ್ತೆ ಅಳೆದ.

ಸನ್ನೆ ಮಾತ್ರ ರಾಗ್ನಾ ಅತ್ತೆಯದು.
ಆಚೆಗೆ, ಈಚೆಗೆ, ಆಚೆಗೆ, ಈಚೆಗೆ,
ನೆಲದಡಿಯ ತೊಟ್ಟಿಯಿಂದ ಗೊಳಗೊಳ ಏರುವುದು
ಕಂಪನಿಯವರು ಬಣ್ಣ ಬೆರೆಸಿದ ಕೆಂಪು ಪೆಟ್ರೋಲು.
ಗ್ಯಾಲನ್ನಿಗೆ ಎಂಟು ಎಳೆತ. ನಾನು ಎಣಿಸುತ್ತಿದ್ದೆ.
ಅತ್ತೆ ತನ್ನ ಅಂಗಿ ತಾನೇ ಹೊಲಿಯುವಾಗ
ಬಲತೋಳಿಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡುತ್ತಿದ್ದಳು.

ಹಳೆಯ ಪಂಪುಗಳು ಹೊಟ್ಟೆಯೊಳಗೇ ಅಳೆದು
ಊರೂರಿಗೆ ಟೋಪಿ ಹಾಕಿದ್ದವು.
ಈಗ ಕಣ್ಣಿಗೆ ಕಂಡದ್ದಕ್ಕೆ ಕಾಸು.
ಆದರೂ ರಬ್ಬರ್ ಕೊಳವೆಯಲ್ಲಿ ಒಂದು ಬಟ್ಟಲು ಉಳಿಯುತ್ತಿತ್ತಲ್ಲ,
ಅದು ಯಾರದು?
ಹಳಿಯಾಚೆಯ ಲ್ಯಾಂಬಿ ಅದರಲ್ಲೇ ತನ್ನ ಕಾರು ಓಡಿಸುತ್ತಾನೆಂದು ಮಾತು.
ಅತ್ತೆ ಕೊಳವೆಯನ್ನು ಹೆಗಲಿಗೇರಿಸಿ
ಪಂಪಿನ ಬುಡದಿಂದ ಕಾರಿನ ತನಕ
ಕೈಮೇಲೆ ಕೈ ಹಾಕಿ ಎತ್ತುತ್ತಾ ನಡೆಯುತ್ತಿದ್ದಳು,
ಕಡೆಯ ಹನಿ ಬೀಳುವವರೆಗೆ.
ಆಮೇಲೇ ಕೈಚಾಚುವುದು, ದುಡ್ಡಿಗೆ.

ಯುದ್ಧ ಮುಗಿದ ಮೇಲೆ ಕರೆಂಟಿನ ಪಂಪು ಬಂತು.
ಗಡಿಯಾರದಂಥ ಮುಖ. ಅಂಕಿ ಓಡುತ್ತಿತ್ತು,
ಪೆಟ್ರೋಲು ಕಾಣುತ್ತಿರಲಿಲ್ಲ.
"ಇದನ್ನು ಹೇಗೆ ನಂಬುತ್ತಾರೆ?" ಅಂದಳು ಅತ್ತೆ.
ನಂಬಿದರು. ಒಂದು ವಾರ ಕೂಡ ಹಿಡಿಯಲಿಲ್ಲ.

ಇಲ್ಲ, ಅದಕ್ಕೂ ಮುಂಚಿನ ಒಂದು ಮಧ್ಯಾಹ್ನ ಹೇಳಬೇಕಿತ್ತು.
ಮಣ್ಣೇ ಮೋಡವಾಗಿ ಏಳುತ್ತಿದ್ದ ವರ್ಷಗಳು.
ಪಂಪಿನ ಸನ್ನೆಯ ಮೇಲೆ ಗುಬ್ಬಿ ಕೂರುವಷ್ಟು ಬಿಡುವು.
ಓಸ್ತಾಪ್ ಹ್ರಿನ್‌ಚುಕ್ ಬಂದ, ತನ್ನ ಕಾರಿನಲ್ಲೇ ಬಂದ.
ಎಂಜಿನ್ ಇರಲಿಲ್ಲ. ಮುಂದಿನ ಗಾಜು ಬಿಚ್ಚಿದ್ದ ಕಿಂಡಿಯಿಂದ ಲಗಾಮು,
ಲಗಾಮಿನ ತುದಿಗೆ ಎರಡು ಹೆಣ್ಣು ಕುದುರೆ.
ರೂಢಿಯಂತೆ ಪಂಪಿನ ಬದಿಗೇ ನಿಲ್ಲಿಸಿದ,
ನಿಲ್ಲಿಸಿದ ಮೇಲೆ ನಾಚಿದ.
ಬಕೆಟ್ಟಿನಲ್ಲಿ ನೀರು ತಂದಿಟ್ಟಳು ಅತ್ತೆ.
ಕುದುರೆಗಳು ಕುಡಿಯುವಾಗ ಅವನು ತಲೆಯೆತ್ತಿ
ಖಾಲಿ ಗಾಜನ್ನು ನೋಡುತ್ತಿದ್ದ.

ಅವಳು ಏನೂ ಕೇಳಲಿಲ್ಲ. ಸನ್ನೆ ಹಿಡಿದಳು.
ಎಂಬತ್ತು ಎಳೆತ. ನಾನು ಎಣಿಸಿದೆ. ಅವನೂ,
ತುಟಿ ಅಲುಗಿಸುತ್ತಾ, ಉಕ್ರೇನಿಯನ್ ಭಾಷೆಯಲ್ಲಿ.
ಕೆಂಪು ಹತ್ತು ಮುಟ್ಟಿತು.
ಬಿಸಿಲು ಅದನ್ನು ಹಾದು
ಎಡಗಡೆಯ ಕುದುರೆಯ ಬಿಳಿ ಹಣೆಯ ಮೇಲೆ ಬಿತ್ತು,
ಅದು ಕಿವಿ ಕೊಡವಿ ಕುಡಿಯುತ್ತಲೇ ಇತ್ತು.

ಆಮೇಲೆ ಅತ್ತೆ ಕೆಳಗಿನ ನಲ್ಲಿ ತಿರುವಿದಳು.
ಒಂಬತ್ತು, ಎಂಟು, ಏಳು,
ಬಂದ ದಾರಿಯಲ್ಲೇ ನೆಲದೊಳಕ್ಕೆ ಹೋಯಿತು.
ಓಸ್ತಾಪ್ ಟೋಪಿ ಮುಟ್ಟಿಕೊಂಡು ಲಗಾಮು ಎಳೆದ.
ಆ ದಿನದ ಲೆಕ್ಕದ ಪುಸ್ತಕದಲ್ಲಿ
ಏನೂ ಇಲ್ಲ.