ಪಾಳಿ

ತಂಗಿಯ ಮನೆಯಿಂದ ವಿಗ್ಗು ವಾಪಸು ಬಂದಿದೆ.
ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದರೆ
ಕೋಣೆ ತುಂಬ ಹೊಗೆ ಹಾಕಿದ ಮೀನು.

ಅರ್ಧ ದುಡ್ಡು ನನ್ನದು, ಅರ್ಧ ಎಕುವಾಳದು.
ತಿಂಗಳಲ್ಲಿ ಹದಿನೈದು ದಿನ ನನಗೆ, ಹದಿನೈದು ಅವಳಿಗೆ;
ಮೂವತ್ತೊಂದನೆಯ ತಾರೀಕು ಬಂದರೆ ಜಗಳ.
ಒಲೆಯ ಮುಂದೆ ಹಾಕಿಕೊಳ್ಳಬೇಡವೇ ಅಂದರೆ
‘ಗಿರಾಕಿ ಮುಖ ನೋಡಿ ಮೀನು ಕೊಳ್ಳುತ್ತಾನಕ್ಕ’ ಅನ್ನುತ್ತಾಳೆ.
ತಕೊರಾಡಿಯ ಬಂದರಿನಲ್ಲಿ ಅದೂ ನಿಜವಿರಬಹುದು.

ಮೊದಲು, ಒಣಗಿದ್ದಾಗಲೇ ಸಿಕ್ಕು ಬಿಡಿಸಬೇಕು,
ತುದಿಯಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ.
ಬೇರಿಲ್ಲದ ಕೂದಲು, ಜಗ್ಗಿದರೆ ಕೈಗೇ ಬರುತ್ತದೆ,
ನೋವಾಯಿತೆಂದು ಹೇಳುವ ತಲೆ ಒಳಗಿಲ್ಲ.
ನನ್ನದಕ್ಕೆ ಇತ್ತು. ಹೇಳುತ್ತಲೂ ಇತ್ತು.
ನಲವತ್ತು ವರ್ಷ ಬಿಗಿ ಜಡೆ ಹೆಣೆಸಿಕೊಂಡು
‘ಇನ್ನೂ ಬಿಗಿ, ಇನ್ನೂ’ ಅಂದವಳು ನಾನೇ.
ಈಗ ಹಣೆ ನೆತ್ತಿಯವರೆಗೂ ನಡೆದುಹೋಗಿದೆ.

ಬೇಸಿನ್ನಿನಲ್ಲಿ ತಣ್ಣೀರು, ಒಂದು ಮುಚ್ಚಳ ಶಾಂಪೂ.
ಉಜ್ಜಬಾರದು, ಹಿಂಡಬಾರದು,
ಮುಳುಗಿಸಿ ಎತ್ತು, ಮುಳುಗಿಸಿ ಎತ್ತು.
ಮೊದಲ ನೀರು ಚಹಾದ ಬಣ್ಣ.
ಎರಡನೆಯದರಲ್ಲಿ ಮೀನಿನ ಹುರುಪೆಯೊಂದು
ಮಿನುಗಿ, ತಳಕ್ಕಿಳಿಯಿತು.
ಮೂರನೆಯದು ಮುಖ ಕಾಣುವಷ್ಟು ತಿಳಿ;
ನೋಡಿಕೊಳ್ಳಲಿಲ್ಲ.

ಒಳಗಿನ ಜಾಲರಿಗೆ ಹೊಲಿದ ಚೀಟಿಯಲ್ಲಿ ಬ್ರೆಜಿಲ್ ಎಂದಿದೆ.
ಮಾರಿದವಳು ಇಂಡಿಯಾ ಅಂದಳು.
ಎಕುವಾಳನ್ನು ಕೇಳಿದರೆ, ಕುದುರೆ.
ಯಾರಾದರೂ ಆಗಿರು ಮಾರಾಯ್ತಿ,
ನಿನ್ನ ತಲೆ ತಣ್ಣಗಿರಲಿ.

ಇಪ್ಪತ್ತೇಳು ವರ್ಷದಿಂದ ಈ ಕೈ ಬಲ್ಲ ಕೆಲಸ ಇದೊಂದೇ:
ಒದ್ದೆ ಕೂದಲನ್ನು ಹೆದರಿಸದೆ ಹಿಡಿಯುವುದು.
ಹೆರಿಗೆಯಲ್ಲಿ ಮುಖ ಆಮೇಲೆ,
ಮೊದಲು ಕಾಣುವುದು ಕಾಸಿನಗಲ ಕಪ್ಪು.
ಬಂತು, ಒಳಗೆ ಹೋಯಿತು, ಮತ್ತೆ ಬಂತು.
‘ಕೂದಲು ಕಾಣುತ್ತಿದೆ ನೋಡು’ ಅಂದರೆ ಸಾಕು,
ಸೋತು ಮಲಗಿದವಳೂ ಎಲ್ಲಿಂದಲೋ
ಇನ್ನೊಂದು ಉಸಿರು ಸಾಲ ತರುತ್ತಾಳೆ.

ಟವೆಲಿನಲ್ಲಿ ಒತ್ತಿ, ಕಿಟಕಿಯ ಕಟ್ಟೆಯ ಮೇಲಿನ
ನೀರಿನ ಹೂಜಿಗೆ ತೊಡಿಸಿದೆ.
ಡ್ರೈಯರ್ ಗುಂಡಿ ಒತ್ತಿದೆ, ಕರೆಂಟು ಹೋಯಿತು;
ಬೀದಿಯೆಲ್ಲ ಒಂದೇ ಬಾಯಲ್ಲಿ ‘ಓ’ ಅಂದಿತು.
ಇರಲಿ, ಇದ್ದಿಲ ಒಲೆಯ ಮೇಲೆ ನೀರು ಕಾಯುತ್ತಿದೆ.
ಔಷಧಿ ಕಂಪನಿಯವರು ಕೊಟ್ಟ ಪೆನ್ನುಗಳು ಹತ್ತೊಂಬತ್ತು,
ಒಂದೂ ಬರೆಯುವುದಿಲ್ಲ.
ಒಂದೊಂದಕ್ಕೂ ಒಂದು ಹಿಡಿ ಕೂದಲು ಸುತ್ತಿ,
ರಬ್ಬರ್ ಬ್ಯಾಂಡ್ ಹಾಕಿ, ಬಿಸಿನೀರು ಚಿಮುಕಿಸಿದೆ.
ಬೈತಲೆ ಬಲಕ್ಕೆ ತೆಗೆದೆ. ಎಕುವಾ ಎಡಕ್ಕೆ ತೆಗೆಯುತ್ತಾಳೆ.
ಹದಿನೈದು ದಿನಕ್ಕೊಮ್ಮೆ ಪಕ್ಕ ಬದಲಿಸುವ ಕಾಲುದಾರಿ;
ಎರಡೂ ಕಡೆ ಹುಲ್ಲು ಸವೆಯುತ್ತಿದೆ.

ನಾಳೆ ಶನಿವಾರ, ಹಡಗುಕಟ್ಟೆಯ ಮುದುಕ ಕ್ರೇನ್ ಡ್ರೈವರನ ಮಣ್ಣು.
ಕೆಂಪು ಕಪ್ಪು ಸೀರಣಿಯ ಹೆಂಗಸರೆಲ್ಲ
ಮೊದಲು ತಲೆಗಳನ್ನು ನೋಡಿ
ಆಮೇಲೆ ಹೆಣ ನೋಡುತ್ತಾರೆ.

ರಾತ್ರಿ ಹನ್ನೊಂದಕ್ಕೆ ಫೋನು:
ನೀರು ಹೋಯಿತು, ಸಿಸ್ಟರ್ ಅಬಾ, ಬೇಗ ಬನ್ನಿ.
ಟಾರ್ಚು ಸಿಕ್ಕಿತು, ತಲೆವಸ್ತ್ರ ಸಿಗಲಿಲ್ಲ.
ಇದ್ದ ತಲೆಯಲ್ಲೇ ಓಡಿದೆ.
ಯಾರೂ ನೋಡಲಿಲ್ಲ ಎನ್ನಲಾರೆ, ಹೆರುವವಳು ನೋಡಿದಳು.
ನೋವು ಬಿಟ್ಟ ಗಳಿಗೆಯಲ್ಲಿ, ‘ಸಿಸ್ಟರ್, ನಿಮ್ಮ ಕೂದಲೆಲ್ಲಿ?’
‘ಮನೆಯಲ್ಲಿ ಒಣಗುತ್ತಿದೆ. ನೀನು ಮುಕ್ಕು.’
ನಕ್ಕಳು. ಆ ನಗೆಗೇ ಅರ್ಧ ತಲೆ ಹೊರಬಂತು.
ಹೆಣ್ಣು. ಹುಡುಕಿದರೂ ಒಂದೆಳೆ ಇಲ್ಲ,
ನನ್ನ ಹಾಗೇ.

ಬೆಳಗಿನ ಜಾವ ಮನೆ ಮುಟ್ಟಿದರೆ
ಪಕ್ಕದ ಮನೆಯ ಎಬೊ, ಐದು ವರ್ಷ,
ಕಿಟಕಿಯ ಹೊರಗೆ ಕೈಕಟ್ಟಿ ನಿಂತು,
ಹತ್ತೊಂಬತ್ತು ಪೆನ್ನು ಮುಡಿದ ಹೂಜಿಗೆ
‘ಗುಡ್ ಮಾರ್ನಿಂಗ್, ಸಿಸ್ಟರ್ ಅಬಾ’ ಅನ್ನುತ್ತಿದ್ದ.
ಉತ್ತರ ಬರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ.
ಅವನ ಬೆನ್ನ ಹಿಂದಿನಿಂದ ನಾನೇ ಓಗೊಟ್ಟೆ,
ಹೂಜಿಯ ಪರವಾಗಿ.