ನಾಲ್ಕನೇ ತಿರುವಿನಲ್ಲಿ ನಿಲ್ಲುವವರಿಗೆ

ಬೆಳಿಗ್ಗೆ ಆರಕ್ಕೇ ಸೋಮೇಶ್ವರದ ಗೇಟು ಹಾಕುತ್ತಾರೆ.
ಆಮೇಲೆ ಬಂದು ‘ನಾನು ಇಂಥವರ ಭಾವ’ ಅಂದರೆ
ಪೊಲೀಸಿನವನೂ ಯಾರದೋ ಭಾವನೇ, ಮಾರಾಯ್ರೆ.
ಕತ್ತಲಲ್ಲೇ ಹತ್ತಿ.
ಹೆಬ್ರಿಯಲ್ಲೇ ಬನ್ಸ್ ಕಟ್ಟಿಸಿಕೊಳ್ಳಿ, ಎರಡು ಹೆಚ್ಚಿಗೆ;
ನೀರು, ಒಂದು ಬೈರಾಸು, ಕೂರಲಿಕ್ಕೆ ಹಳೆ ಪೇಪರು.
ಮೇಲೆ ಅಂಗಡಿ ಇಲ್ಲ. ಕೊನೆಯ ಕಾರು ಹೋಗುವ ತನಕ
ಇಳಿಯಲಿಕ್ಕೂ ಇಲ್ಲ. ಅದಕ್ಕೆ
ಏನೇನು ಮುಗಿಸಬೇಕೋ ಕೆಳಗೇ ಮುಗಿಸಿ ಬನ್ನಿ.

ಎಲ್ಲಿ ನಿಲ್ಲುವುದು?
ಮಂಗಗಳನ್ನು ಕೇಳಿ.
ಹದಿನೇಳು ವರ್ಷ ಈ ತಿರುವಿನಲ್ಲಿ ಬಾವುಟ ಹಿಡಿದಿದ್ದೇನೆ,
ಒಂದೇ ಒಂದು ಮಂಗ ರೇಸಿನ ದಿನ
ಹೊರ ಅಂಚಿನ ಕಟ್ಟೆಯಲ್ಲಿ ಕೂತದ್ದು ಕಾಣಲಿಲ್ಲ.
ಒಳಮಗ್ಗುಲು, ಎತ್ತರ, ಬೆನ್ನಿಗೊಂದು ಮರ.
ಅಷ್ಟೇ ಶಾಸ್ತ್ರ.

ಹೊರ ಅಂಚಿನಿಂದ ಫೋಟೊ ಚಂದ ಬರುತ್ತದೆ, ಒಪ್ಪಿದೆ.
ಫೋನಿನ ಗಾಜಿನಲ್ಲಿ ಕಾರು ಯಾವಾಗಲೂ ದೂರವೇ,
ಹತ್ತಿರ ಬಂದ ಮೇಲೂ.
ಶಿರ್ವದ ಜೋಕಿಂ ತೆಗೆದದ್ದು ಅವನ ಹಾಲಿನಲ್ಲಿ ಉಂಟು:
ಒಂದು ಚಕ್ರ, ಒಂದು ಹಿಡಿ ಜಲ್ಲಿ, ಆಕಾಶ.
ಅದರ ಕೆಳಗೆ ಗೋಡೆಗೊರಗಿ
ಅವನ ಊರುಗೋಲು.

ಮೊದಲು ಕಿವಿ, ಆಮೇಲೆ ಕಣ್ಣು.
ಎರಡನೇ ತಿರುವಿನಲ್ಲಿ ಗೇರು ಇಳಿಸಿದ್ದು ಕೇಳುತ್ತದೆ,
ಹಲಸಿನ ಹಪ್ಪಳ ಮುರಿದ ಹಾಗೆ.
ಮತ್ತೆ ಕಾಡು ಅದನ್ನು ನುಂಗುತ್ತದೆ.
‘ಹೋಯಿತು, ದಾಟುವ’ ಅನಿಸುವುದು ಆವಾಗಲೇ.
ದಾಟಬೇಡಿ. ಚಪ್ಪಲಿ ಬಿದ್ದರೂ, ಟೊಪ್ಪಿ ಹಾರಿದರೂ.
ನನ್ನ ಕೈಯಲ್ಲಿ ಹಳದಿ ಕಂಡರೆ ಹಿಂದೆ ಸರಿಯಿರಿ,
ಕೆಂಪು ಕಂಡರೆ ಇನ್ನೂ ಹಿಂದೆ;
ನಾನೇ ಓಡುವುದು ಕಂಡರೆ
ಎಂತ ಅಂತ ಕೇಳಬೇಡಿ.

ನಿಮಗೆ ಸಿಗುವುದು ನಾಲ್ಕು ಸೆಕೆಂಡು:
ಮೂತಿ, ಬಾಗಿಲ ಮೇಲಿನ ನಂಬರು, ಸುಟ್ಟ ರಬ್ಬರಿನ ಘಾಟು.
ಆಮೇಲೆ ಎರಡು ನಿಮಿಷ ಏನೂ ಇಲ್ಲ.
ಯಾರು ಗೆದ್ದರೆಂದು ಇಲ್ಲಿ ಗೊತ್ತಾಗುವುದಿಲ್ಲ,
ಅದು ಮೇಲೆ ಕೂತವರ ಗಡಿಯಾರದ ಗುಟ್ಟು.
ಆ ಎರಡು ನಿಮಿಷಕ್ಕೆ ಏನಾದರೂ ತನ್ನಿ: ನೆಲಗಡಲೆ,
ಹಳೆ ಸ್ನೇಹಿತ, ಮುಗಿಯದ ಒಂದು ಜಗಳ.
ಚಗಳಿ ಕಚ್ಚುತ್ತದೆ. ಅದಕ್ಕೆ ಬಾವುಟ ಇಲ್ಲ.

ನಲವತ್ತೊಂದನೇ ನಂಬರು ಬರುವ ತನಕ ಏಳಬೇಡಿ.
ಕಾಪುವಿನ ಗ್ಯಾರೇಜಿನ ಹುಡುಗಿ, ಮಿಸ್ರಿಯಾ,
ಅಪ್ಪನ ಹಳೆ ಎಂಟುನೂರು,
ಬಾನೆಟ್ಟು ಒಂದು ಬಣ್ಣ, ಬಾಗಿಲು ಇನ್ನೊಂದು.
ಎಲ್ಲರಿಗಿಂತ ನಿಧಾನ. ಆದರೆ ಅವಳು ಹಿಡಿಯುವ ಗೆರೆ ನೋಡಿ,
ಕಾವಲಿಯಿಂದ ದೋಸೆಯ ಅಂಚು
ಒಂದೂ ಕಡೆ ಹರಿಯದೆ ಬಿಡಿಸಿದ ಹಾಗೆ.

ಸಂಜೆ ನಿಮ್ಮ ಬಾಟ್ಲಿ ನೀವೇ ಹೆಕ್ಕಿ.
ಗಡಿಬಿಡಿ ಬೇಡ. ಹಗ್ಗ ಬಿಚ್ಚಿದ ಮೇಲೆ
ಮೊದಲು ಹತ್ತುವುದು ತೀರ್ಥಹಳ್ಳಿಯ ಮಿನಿ ಬಸ್ಸು.
ಒಂದು ವರ್ಷ ನೋಡಿದೆ:
ಸೀಟಿಗಿಂತ ಜಾಸ್ತಿ ಜನ, ಮೇಲೊಂದು ಫ್ರಿಜ್ಜು,
ದಿನವಿಡೀ ಉಳಿದ ಟಯರಿನ ಕಪ್ಪನ್ನೆಲ್ಲ ತುಳಿಯುತ್ತ
ಒಂದೇ ಏಟಿಗೆ ತಿರುವು ಎತ್ತಿಬಿಟ್ಟ ಡ್ರೈವರ.
ದಿಬ್ಬದ ಮೇಲೆ ಉಳಿದಿದ್ದವರು ಚಪ್ಪಾಳೆ ತಟ್ಟಿದರು.
ಅವನಿಗೆ ಅರ್ಥವಾಗಲಿಲ್ಲ, ಸುಮ್ಮನೆ ಹಾರ್ನ್ ಹಾಕಿದ.
ಕಂಕುಳಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಬೇಕು ಅನಿಸಿತು ನನಗೆ.
ಯಾವ ಬಣ್ಣದ್ದು ಅಂತ
ಗೊತ್ತಾಗಲಿಲ್ಲ.